ಎಡ್ಡಿ ಲುಕಾಶ್‌ನ ಕತ್ತರಿಸಿದ ಕಾರ್ಡ್

ಅಮೆರಿಕದ ಈರಿ ಊರಿನ ರೈಲು ಎಂಜಿನ್ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದು ನಿವೃತ್ತನಾದ ಕ್ಯಾಸ್ ಸೊಬ್‌ಚಾಕ್‌ನಿಗೆ ಬೇಸ್‌ಬಾಲ್ ಕಾರ್ಡ್‌ಗಳ ಹುಚ್ಚು. ಹಿಂದೆ ಚೂಯಿಂಗ್ ಗಮ್ ಜೊತೆ ಸಿಗುತ್ತಿದ್ದ, ಆಟಗಾರರ ಚಿತ್ರವಿರುವ ರಟ್ಟಿನ ಚೀಟಿಗಳು ಅವು. ಪೋಲಿಷ್ ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿ ತಿಂಗಳೂ ನಡೆಯುವ ಕಾರ್ಡ್ ಸಂತೆಯಲ್ಲಿ ಅವನದೊಂದು ಮೇಜು ಕಾಯಂ. ಪಕ್ಕದ ಮೇಜು ಒಡೆಸ್ಸಾ ಟಿಲ್‌ಮನ್‌ಳದು. ಆಸ್ಪತ್ರೆಯ ಅಡುಗೆಮನೆಯಲ್ಲಿ ಆಯುಷ್ಯ ಸವೆಸಿದ ಹೆಂಗಸು, ಬಾಯಿ ಜೋರು. ಇಬ್ಬರೂ ಗಿರಾಕಿಗಳನ್ನು ನೋಡುವುದಕ್ಕಿಂತ ಹೆಚ್ಚಾಗಿ ಒಬ್ಬರನ್ನೊಬ್ಬರು ಕಾಡಿಸುತ್ತಲೇ ಹೊತ್ತು ಕಳೆಯುತ್ತಿದ್ದರು.

ಕ್ಯಾಸ್‌ನ ಹೆಮ್ಮೆಯೆಲ್ಲ ಒಂದೇ ಕಾರ್ಡಿನ ಮೇಲೆ. ಕ್ಲೀವ್‌ಲ್ಯಾಂಡ್ ತಂಡದ ಎಡ್ಡಿ ಲುಕಾಶ್, ಐವತ್ಮೂರನೇ ಇಸವಿಯದು. ಅದಕ್ಕಾಗಿ ತನ್ನ ಅರ್ಧ ಸಂಗ್ರಹವನ್ನೇ ಕೊಟ್ಟಿದ್ದ. ಕಾರ್ಡುಗಳ ಅಸಲಿತನ, ಸ್ಥಿತಿ ಪರೀಕ್ಷಿಸುವ ಕಂಪನಿಯೊಂದು ಅದಕ್ಕೆ ಹತ್ತರಲ್ಲಿ ಎಂಟು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಅವನ ಕೈಸೇರುವ ಮುಂಚೆಯೇ ಮೊಹರು ಮಾಡಿತ್ತು. ಮೂಲೆಗಳು ಸೂಜಿಯಷ್ಟು ಚೂಪು. ಸಂತೆಗೆ ತಂದರೆ ಯಾರಾದರೂ ಎಗರಿಸಿಯಾರೆಂದು ಅದನ್ನು ಮನೆಯಲ್ಲೇ ಇಟ್ಟಿದ್ದ.

ಬಫಲೋ ನಗರದ ಬೇಕರಿ ಮಾಲೀಕ ಗ್ಲೆನ್ ಫ್ರಾಂಟ್ಸ್ ಅದನ್ನು ಕೊಳ್ಳಲು ಬಂದಾಗ ಕ್ಯಾಸ್ ಮೊದಲ ಸಲ ಸಂತೆಗೆ ತಂದ. ಮನೆಯ ಚಾವಣಿ ಸೋರುತ್ತಿದ್ದುದರಿಂದ ಮನಸ್ಸಿಲ್ಲದ ಮನಸ್ಸಿನಿಂದ ಮಾರಲು ಒಪ್ಪಿದ್ದ. ಮುಂದಿನ ಸಂತೆಯಲ್ಲಿ ಕೊಡುವುದೆಂದು ಮಾತಾಯಿತು. ಗ್ಲೆನ್ ಅತ್ತ ಹೋದದ್ದೇ ತಡ, ಒಡೆಸ್ಸಾ ಡಬ್ಬಿಯನ್ನು ಕೈಗೆತ್ತಿಕೊಂಡಳು. ಹಿಂದೆ ಮುಂದೆ ತಿರುಗಿಸಿದಳು. ಕಣ್ಣಿಗೆ ಹತ್ತಿರ ಹಿಡಿದು ಮತ್ತೆ ನೋಡಿದಳು.

"ಏನೇ, ಹೊಟ್ಟೆಕಿಚ್ಚಾ?" ಎಂದು ಕ್ಯಾಸ್ ನಕ್ಕ.

"ಕ್ಯಾಸ್, ಇದು ನಮ್ಮ ಲಮಾರ್‌ನ ಕಾರ್ಡು."

ಲಮಾರ್ ಅವಳ ಅಣ್ಣ. ತೀರಿಕೊಂಡು ವರ್ಷಗಳೇ ಆಗಿದ್ದವು. ಕಾಯಿಲೆ ಬಿದ್ದಾಗ ತನ್ನ ಕಾರ್ಡುಗಳನ್ನೆಲ್ಲ ಯಾವನೋ ವ್ಯಾಪಾರಿಗೆ ಕೊಟ್ಟುಬಿಟ್ಟಿದ್ದ.

"ಲುಕಾಶ್ ಕಾರ್ಡು ಲೋಕದಲ್ಲಿ ಒಂದೇನಾ?"

"ಕಾಲರ್ ಮೇಲೆ ನೀಲಿ ಚುಕ್ಕೆ ನೋಡು. ಹಿಂದುಗಡೆ ಎರಡನೇ ಸಾಲಿನ ಕೆಳಗೆ, ಕಾಗದದ ಒಳಗೇ ಸಿಕ್ಕೊಂಡಿರೋ ಕಂದು ನಾರು ನೋಡು. ಅಣ್ಣ ಇದನ್ನ ಅಂಗಿ ಜೇಬಲ್ಲಿ ಇಟ್ಕೊಂಡೇ ಆಟ ನೋಡೋಕೆ ಹೋಗ್ತಿದ್ದ. ಮೂಲೆಗಳೆಲ್ಲ ಸವೆದು ದುಂಡಗಾಗಿದ್ವು. ಈಗ ಚೂಪಾಗಿವೆ ಅಂದ್ರೆ ಯಾರೋ ಅಂಚು ಕತ್ತರಿಸಿ ಹೊಸದರ ಹಾಗೆ ಮಾಡಿದಾರೆ ಕಣೋ. ಅಂಥ ಕಾರ್ಡಿಗೆ ಅಂಕ ಕೊಡೋ ಹಾಗೇ ಇಲ್ಲ."

ಕ್ಯಾಸ್‌ನ ಮುಖ ಕೆಂಪಾಯಿತು. "ಕಂಪನಿಯೋರಿಗಿಂತ ನಿಂಗೇ ಹೆಚ್ಚು ಗೊತ್ತಾ? ವ್ಯಾಪಾರ ಕುದುರೋ ಹೊತ್ತಿಗೆ ಕಲ್ಲು ಹಾಕ್ತೀಯಲ್ಲ!" ಎಂದು ಡಬ್ಬಿ ಕಿತ್ತುಕೊಂಡು ಮೇಜು ಮಡಚಿ ಹೊರಟೇಹೋದ.

ಮನೆಗೆ ಬಂದವನೇ ಭೂತಗನ್ನಡಿ ಹಿಡಿದು ಕೂತ. ನೀಲಿ ಚುಕ್ಕೆ ಇತ್ತು. ಕಂದು ನಾರೂ ಇತ್ತು. ಅದೇ ಇಸವಿಯ ಬೇರೊಂದು ಕಾರ್ಡನ್ನು ಪಕ್ಕಕ್ಕಿಟ್ಟು ನೋಡಿದರೆ ಲುಕಾಶ್ ಕಾರ್ಡು ಅದಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾಗಿತ್ತು. ಹೆಂಡತಿ ಐರೀನ್ ಬಿಸಿ ಪಿಯರೋಗಿ ತಟ್ಟೆ ತಂದಿಟ್ಟರೆ ಕಡುಬುಗಳು ಹಾಗೇ ತಣ್ಣಗಾದವು.

"ನಿಂಗೆ ಬೇಜಾರಿರೋದು ಕಾರ್ಡಿನ ಮೇಲೋ, ಒಡೆಸ್ಸಾ ಮೇಲೋ?" ಎಂದು ಐರೀನ್ ಕೇಳಿದಳು.

ಕ್ಯಾಸ್ ಮತ್ತೆ ಭೂತಗನ್ನಡಿ ಎತ್ತಿಕೊಂಡ. ಮಾರನೆಯ ದಿನ ಕಂಪನಿಗೆ ಫೋನ್ ಮಾಡಿದ. ಆ ಕಡೆಯ ಹುಡುಗಿ ಸೌಜನ್ಯದಿಂದಲೇ ಮಾತಾಡಿದಳು. ಡಬ್ಬಿ ಒಡೆಯದೆ ಕಳಿಸಿದರೆ ಮತ್ತೆ ಪರೀಕ್ಷಿಸುತ್ತಾರಂತೆ. ತಪ್ಪಾಗಿದ್ದರೆ ಪರಿಹಾರ ಕೊಡುತ್ತಾರಂತೆ, ಕಾರ್ಡು ಮಾತ್ರ ಅವರಲ್ಲೇ ಉಳಿಯುತ್ತದಂತೆ.

ಮುಂದಿನ ಸಂತೆಗೆ ಗ್ಲೆನ್ ಬಂದಾಗ ಕ್ಯಾಸ್ ಇದ್ದದ್ದನ್ನು ಇದ್ದಂತೆ ಹೇಳಿದ.

"ಡಬ್ಬಿ ಮೇಲೆ ಎಂಟು ಅಂತ ಇದೆಯಲ್ಲ ಯಜಮಾನ್ರೇ, ನಂಗಷ್ಟು ಸಾಕು" ಎಂದ ಗ್ಲೆನ್.

"ನಂಗೆ ಸಾಲದಪ್ಪ. ನಾಳೆ ನೀನು ಇನ್ಯಾರಿಗೋ ಕೊಡ್ತೀಯ, ಅವನು ಮತ್ಯಾರಿಗೋ. ಗೊತ್ತಿದ್ದೂ ದಾಟಿಸೋದು ನನ್ ಕೈಲಾಗಲ್ಲ."

ಎದುರು ಮೇಜಿನ ಮುದುಕ ಆಗ ಮೆಲ್ಲಗೆ ಬಾಯಿಬಿಟ್ಟ. ಡಬ್ಬಿಯೊಳಗೆ ಕಾರ್ಡು ಸಡಿಲವಾಗಿ ಕೂತದ್ದನ್ನು ಹಿಂದಿನ ಸಂತೆಯಲ್ಲೇ ಅವನೂ, ಅವನ ಜೊತೆಗಾರನೂ ಕಂಡಿದ್ದರಂತೆ. "ಸುಮ್ನೆ ನಿನ್ ಮನಸ್ಸು ಯಾಕೆ ನೋಯ್ಸೋದು ಅಂತ..." ಎಂದು ರಾಗ ಎಳೆದ.

ಆ ಮಾತು ಕೇಳಿ ಕ್ಯಾಸ್ ಒಡೆಸ್ಸಾಳ ಕಡೆ ತಿರುಗಿದ. ಅವಳು ಬೇಕೆಂದೇ ಬೆನ್ನು ತಿರುಗಿಸಿ ಕೂತಿದ್ದಳು. ಮೂವರು ಕಂಡಿದ್ದರು, ಒಬ್ಬಳು ಹೇಳಿದ್ದಳು. ಹೇಳಿದರೆ ಇಷ್ಟು ವರ್ಷದ ಸ್ನೇಹ ಮುರಿದೀತೆಂದು ಗೊತ್ತಿದ್ದೂ ಹೇಳಿದ್ದಳು.

ಸಂಜೆ ಕ್ಯಾಸ್ ಚಾವಣಿಯ ಮಾತು ತೆಗೆದಾಗ ಐರೀನ್ ಅಂದಳು: "ಈ ಬೇಸಿಗೆ ಮಳೆಗೂ ಬಕೆಟ್ ಇಟ್ಟರಾಯ್ತು. ಅದು ಯಾರದ್ದು ಅಂತ ಗೊತ್ತಾದ ಮೇಲೆ ಕಂಪನಿಗೆ ಹೇಗೆ ಕಳಿಸ್ತೀಯಾ?"

ಕ್ಯಾಸ್ ಇಕ್ಕಳ ತಂದು ಡಬ್ಬಿಯ ಅಂಚು ಮುರಿದ. ಪರಿಹಾರದ ಬಾಗಿಲು ಅಲ್ಲಿಗೆ ಮುಚ್ಚಿತು. ಲುಕಾಶ್ ಮೊದಲ ಬಾರಿಗೆ ಅವನ ಅಂಗೈಗೆ ಬಂದ. ಹಳೆಯ ರಟ್ಟು, ತುಸು ಒರಟು, ಎಲೆಯಷ್ಟು ಹಗುರ. ಕ್ಯಾಸ್ ಅದನ್ನು ಬಹಳ ಹೊತ್ತು ಹಿಡಿದುಕೊಂಡೇ ಇದ್ದ.

ಆಮೇಲೆ ಅವನು ಒಡೆಸ್ಸಾಳ ಮನೆಗೆ ಹೋಗಿ, ಅವಳು ಬಾಗಿಲು ತೆರೆದ ಕೂಡಲೇ ಕಾರ್ಡು ಮುಂದೆ ಚಾಚಿದ.

"ಹುಚ್ಚಾ, ಡಬ್ಬಿ ಯಾಕೋ ಒಡ್ದೆ?"

"ಲಮಾರ್ ಜೇಬಲ್ಲಿಟ್ಕೊಂಡು ತಿರುಗ್ತಿದ್ದ ಅಂದ್ಯಲ್ಲ. ಅದಕ್ಕೆ ಡಬ್ಬಿ ಯಾಕೆ? ಒಡೆಸ್ಸಾ, ನೀನು ಹೇಳಿದ್ದು ಒಳ್ಳೇದಾಯ್ತು. ನಾನು ಕೂಗಾಡಬಾರದಿತ್ತು."

ಅವಳು ಕಾರ್ಡನ್ನು ತಿರುಗಿಸಿ ಆ ನಾರಿನ ಮೇಲೆ ಬೆರಳಾಡಿಸಿದಳು. ಕಣ್ಣು ತುಂಬಿ ಬಂದರೂ ಬಾಯಿ ಸೋಲಲಿಲ್ಲ. "ಬಾಗಿಲಲ್ಲೇ ನಿಂತು ಸೆಕೆ ಯಾಕೆ ಒಳಗೆ ಬಿಡ್ತೀಯಾ, ಬಾ. ಕಾಫಿ ಇದೆ."

ಆಮೇಲೆ ಕ್ಯಾಸ್ ಆರು ವರ್ಷ ಬದುಕಿದ್ದ. ಕಂಪನಿಯನ್ನು ಅವನೆಂದೂ ಬೈಯಲಿಲ್ಲ. ರಾಶಿಗಟ್ಟಲೆ ಕಾರ್ಡು ನೋಡುವ ಕಣ್ಣು, ಒಂದಾದರೂ ತಪ್ಪುತ್ತದೆ ಎನ್ನುತ್ತಿದ್ದ. ಡಬ್ಬಿಯ ಅಂಕ ನಂಬಬಹುದೇ ಎಂದು ಗಿರಾಕಿಗಳು ಕೇಳಿದರೆ ಪಕ್ಕದ ಮೇಜಿಗೆ ಕಳಿಸುತ್ತಿದ್ದ. "ಅವಳು ಬೈತಾಳೆ, ಬೈಸ್ಕೊಳ್ಳಿ. ಆದ್ರೆ ಸುಳ್ಳು ಹೇಳಲ್ಲ."