ನಲವತ್ತೊಂದನೆಯ ಮೊಟ್ಟೆ

ಮಾಗನೂರು ದಾಟಿದ ಮೇಲೆ ಗಡಿಯ ಚೆಕ್‌ಪೋಸ್ಟಿನಲ್ಲಿ ನಮ್ಮ ಬುಟ್ಟಿಯನ್ನು ಇಳಿಸಿದರು. ಅದರಲ್ಲಿದ್ದವು ನಾರಾಯಣಪೇಟೆ, ಗದ್ವಾಲದ ಹೆಂಗಸರನ್ನು ಫೋನಿನಲ್ಲೇ ಒಂದುಗೂಡಿಸಿ ನಾನು ತರಿಸಿದ ನಾಟಿ ಮೊಟ್ಟೆಗಳು. ಇವತ್ತೇ ತಲುಪದಿದ್ದರೆ ರಾಯಚೂರಿನಲ್ಲಿ ಇವಕ್ಕಾಗಿ ಕಾವಿಗೆ ಕೂತ ಕೋಳಿಗಳು ಕಾವು ಬಿಟ್ಟು ಏಳುತ್ತವೆ. ಸಾಗಣೆಗೆಂದು ದನದ ಡಾಕ್ಟರರು ಕೊಟ್ಟ ಕಾಗದದಲ್ಲಿ ನಲವತ್ತು ಎಂದಿತ್ತು. ಅಧಿಕಾರಿ ಎಣಿಸಿದರೆ ನಲವತ್ತೊಂದು!

"ಕಾವಿಗೆ ಬೆಸ ಇಡಬೇಕಲ್ರೀ, ಅದಕ್ಕ ನಾನ ಒಂದು ಹಾಕೀನಿ," ಎಂದಳು ಜೊತೆಗೆ ಬಂದಿದ್ದ ಮಕ್ತಲದ ಶಂಕ್ರವ್ವ.

"ಲೆಕ್ಕ ಕೂಡಲಿಲ್ಲಂದ್ರ ಬುಟ್ಟೀನ ವಾಪಸ್ ನೋಡಮ್ಮಾ."

ನಾನು ಒಂದು ಮೊಟ್ಟೆಯನ್ನು ಅಧಿಕಾರಿಯ ಮೇಜಿಗೆ ಕುಟ್ಟಿ, ಹಸಿಯಾಗಿಯೇ ಕುಡಿದುಬಿಟ್ಟೆ.

"ಈಗ ಎಣಿಸ್ರೀ ಸಾಹೇಬ್ರ."

ಬಾಯಿ ತೆರೆದುಕೊಂಡೇ ಮೊಹರು ಒತ್ತಿದರು.

ಹೊರಗೆ ಬಂದರೂ ಶಂಕ್ರವ್ವನ ಮುಖ ಅರಳಲಿಲ್ಲ. "ಈಗ ಬೆಸ ಹೋಗಿ ಸಮ ಆದ್ವಲ್ಲ, ಅವ್ವಾ?"

"ರಾಯಚೂರು ಬರ್ಲಿ ತಡಿ, ಒಂದು ನೀ ಕುಡಿಯಂತಿ."