ಇಷ್ಟೊಂದು ಸದಾನಂದ ಶೆಟ್ಟರಲ್ಲಿ ನಮ್ಮವರು ಯಾರು?

"ನಿಮ್ಮ ಕಂಪ್ಯೂಟರಿಗೆ ನನ್ನ ತಮ್ಮ ಎಲ್ಲಿದ್ದಾನೆಂದು ಗೊತ್ತುಂಟಾ?"

ಭಾನುವಾರ ಸಾಂತಾಕ್ರೂಜಿನ ನಮ್ಮ ಬಿಲ್ಡಿಂಗಿನ ಮೆಟ್ಟಿಲಲ್ಲಿ ಗಿರಿಜಕ್ಕ ಹೀಗೆ ಕೇಳಿದಾಗ ನಕ್ಕುಬಿಟ್ಟೆ. ಅವರು ನಗಲಿಲ್ಲ.

ಗಿರಿಜಕ್ಕ ನಮ್ಮ ಮೇಲಿನ ಮನೆಯವರು, ಕಾರ್ಕಳದ ಕಡೆಯವರು. ತಮ್ಮ ಸದಾನಂದ ಅಪ್ಪನ ಜೊತೆ ಜಗಳವಾಡಿ ಮುಂಬಯಿಗೆ ಬಂದವನು. ಲಲಿತಾ ಎಂಬವಳನ್ನು ಮದುವೆಯಾಗಿ ಹೋಟೆಲ್ ಇಟ್ಟಿದ್ದಾನೆ ಎಂಬಷ್ಟೇ ಸುದ್ದಿ. ಈಗ ಗಿರಿಜಕ್ಕನ ಮಗಳ ಮದುವೆ ನಿಶ್ಚಯವಾಗಿದೆ. ಸೋದರಮಾವ ಇಲ್ಲದೆ ಧಾರೆಗೆ ಕೂರುವುದಿಲ್ಲ ಎಂದು ಹುಡುಗಿಯ ಹಟ!

ನಮ್ಮ ಅಂಧೇರಿಯ ಆಫೀಸಿನಲ್ಲಿ ಹೋಟೆಲಿನವರ ಸಂಘವೊಂದರ ಸದಸ್ಯರ ವಿವರವನ್ನು ಕಂಪ್ಯೂಟರಿಗೆ ತುಂಬಿಸಿದ್ದೆವು. ಸೋಮವಾರ ಸಂಘದವರ ಒಪ್ಪಿಗೆ ಪಡೆದು, ಗಿರಿಜಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು 'ಸದಾನಂದ ಶೆಟ್ಟಿ' ಎಂದು ಟೈಪ್ ಮಾಡಿದೆ.

ಸ್ಕ್ರೀನೇ ತುಂಬಿಹೋಯಿತು. ದಾದರಿನ ಸದಾನಂದ, ಮುಲುಂಡಿನ ಸದಾನಂದ, ಕುರ್ಲಾದ ಸದಾನಂದ... ಗಿರಿಜಕ್ಕನ ಮುಖ ಸಣ್ಣಗಾಯಿತು.

"ಬರೇ ಹೆಸರು ಹಿಡ್ಕೊಂಡು ಕುಂತ್ರ ಹೆಂಗ್ರೀ? ಯಾರಿಗೆ ಯಾರು ಏನಾಗಬೇಕು, ಅದನ್ನ ಹೇಳ್ರಿ," ಎಂದರು ಪಕ್ಕದ ಮೇಜಿನ ಕುಲಕರ್ಣಿ.

ಧಾರವಾಡದ ಕುಲಕರ್ಣಿಗೆ ಈಚೆಗೆ ಇದೊಂದೇ ಹುಚ್ಚು. (ಟೀ ಕುಡಿಯುವಾಗಲೂ ಬಿಡುವುದಿಲ್ಲ.) ಪ್ರತಿ ಮನುಷ್ಯನಿಗೂ, ಪ್ರತಿ ಜಾಗಕ್ಕೂ ಎಲ್ಲ ಕಂಪ್ಯೂಟರುಗಳೂ ಒಪ್ಪುವ ಒಂದೇ ಗುರುತು ಇರಬೇಕು. ಅವುಗಳ ನಡುವಿನ ಸಂಬಂಧವನ್ನೂ ಬರೆದಿಡಬೇಕು. ಲಲಿತಾ ಸದಾನಂದನ ಹೆಂಡತಿ. ಸದಾನಂದ ಈ ಹೋಟೆಲಿನ ಮಾಲೀಕ. ಇಂಥ ಪುಟ್ಟ ವಾಕ್ಯಗಳು ಸಾಕು, ಎಲ್ಲೆಲ್ಲೋ ಇರುವ ಮಾಹಿತಿ ಒಂದಕ್ಕೊಂದು ಸೇರಿಕೊಳ್ಳುತ್ತದೆ ಎನ್ನುತ್ತಾರೆ.

ಕನ್ನಡ ಶಾಲೆಯೊಂದರ ಕೆಲಸವೂ ನಮ್ಮಲ್ಲೇ ಇತ್ತು; ಅದರಲ್ಲಿ ಮಕ್ಕಳ ತಂದೆ-ತಾಯಿಯ ಹೆಸರು, ಮನೆಯ ವಿಳಾಸ ಎಲ್ಲ ಇತ್ತು. ಅವರಿಗೂ ಫೋನ್ ಮಾಡಿ ಕೇಳಿ, ತಾಯಿಯ ಹೆಸರು 'ಲಲಿತಾ' ಎಂದಿರುವ ಮಕ್ಕಳನ್ನು ಹುಡುಕಿದೆವು. ಒಂದು ಹುಡುಗಿಯ ತಂದೆ 'ಎಸ್. ಕೆ. ಶೆಟ್ಟಿ'. ಮನೆ ಕುರ್ಲಾದಲ್ಲಿ, ಒಂದು ಹೋಟೆಲಿನ ಮಹಡಿಯ ಮೇಲೆ. ಸಂಘದ ಫೈಲಿನಲ್ಲಿ ಅದೇ ಹೋಟೆಲಿನ ಮಾಲೀಕ ಯಾರು? ಸದಾನಂದ ಶೆಟ್ಟಿ! ಒಬ್ಬನೇ ಮನುಷ್ಯ, ಎರಡು ಫೈಲಿನಲ್ಲಿ ಎರಡು ಹೆಸರು. ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು, ಪಾಪ?

"ಹುಡುಗಿಯ ಹೆಸರೆಂಥದು?" ಗಿರಿಜಕ್ಕ ಮೆಲ್ಲಗೆ ಕೇಳಿದರು.

"ಕಲ್ಯಾಣಿ."

"ನಮ್ಮ ಅಮ್ಮನ ಹೆಸರು ಮಾರಾಯ್ರೆ!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಸಂಜೆಯೇ ಕುರ್ಲಾಕ್ಕೆ ಹೋದೆವು. ಗಲ್ಲಾದಲ್ಲಿ ಕೂತಿದ್ದ ದಪ್ಪ ಮನುಷ್ಯ ತಲೆಯೆತ್ತಿ ನೋಡಿ, ಗಿರಾಕಿಯ ಚಿಲ್ಲರೆಯನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟ.

"ಅಕ್ಕ..."

"ಎಂಥ ಹೊಟ್ಟೆ ಬಂದಿದೆ ಮಾರಾಯಾ ನಿನಗೆ!" ಎಂದರು ಗಿರಿಜಕ್ಕ, ಅಳುತ್ತಲೇ. ಅವನೂ ಅಳುತ್ತ ನಕ್ಕ. ಮದುವೆಗೆ ಬರುವುದಷ್ಟೇ ಅಲ್ಲ, ಅಡುಗೆಯೂ ತನ್ನದೇ ಎಂದ.

ಮರುದಿನ ಕುಲಕರ್ಣಿಯ ಉತ್ಸಾಹಕ್ಕೆ ಮಿತಿಯೇ ಇಲ್ಲ. ಜಗತ್ತಿನ ಎಲ್ಲ ಕಂಪ್ಯೂಟರುಗಳನ್ನೂ ಹೀಗೆ ಜೋಡಿಸಿದರೆ ಕಳೆದುಹೋದವರೆಲ್ಲ ಸಿಕ್ಕೇಬಿಡುತ್ತಾರಂತೆ.

ಸಿಗಲಿ, ಸಂತೋಷ. ಆದರೆ ಸ್ವಲ್ಪ ದಿನ ಯಾರ ಕೈಗೂ ಸಿಗದೆ ಇರಬೇಕು ಅನ್ನಿಸಿದವರು ಆಗ ಎಲ್ಲಿಗೆ ಹೋಗಬೇಕು ಸ್ವಾಮಿ?