ದಸ್ತಗೀರ್ ವಕೀಲರ ಬಾಯಿರುಚಿ

ದಸ್ತಗೀರ್ ವಕೀಲರ ಮುಖದ ಮೇಲೆ ಸದಾ ಕೂತಿರುತ್ತಿದ್ದ ಹೇಸಿಗೆ ತನ್ನನ್ನು ಕಂಡೇ ಹುಟ್ಟುವಂಥದ್ದೆಂದು ಇದನ್ನು ಬರೆದವನು ಬಹಳ ಕಾಲ ನಂಬಿದ್ದ. ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ನಮಸ್ಕಾರ ಎಂದದ್ದಕ್ಕೆ ಅವರು ಮುಖ ಸಿಂಡರಿಸಿ, ಪಕ್ಕಕ್ಕೆ ತಿರುಗಿ ಥೂ ಎಂದು ಉಗಿದು, ಆಮೇಲಷ್ಟೇ ನಮಸ್ಕಾರ ಎಂದಿದ್ದರು. ಒಂದೆರಡು ವಾರಪತ್ರಿಕೆಗಳಲ್ಲಿ ಹೆಸರು ಅಚ್ಚಾದವನಿಗೆ ಇದೇನು ಸಣ್ಣ ಅವಮಾನವೇ? ಅವರು ಉಗಿದದ್ದು ಕೊಬ್ಬರಿ ಚೂರನ್ನು ಎಂದು ತಿಳಿಯಲು ವರ್ಷಗಳೇ ಬೇಕಾದವು.

ದಸ್ತಗೀರರ ತಂದೆ ಊರಿನಲ್ಲಿ ದರ್ಜಿ. ಮಗ ತುಮಕೂರಿನಲ್ಲಿ ಕಾನೂನು ಓದಿ, ಕರಿಕೋಟನ್ನು ಅಪ್ಪನ ಕೈಯಲ್ಲೇ ಹೊಲಿಸಿಕೊಂಡು ಕೋರ್ಟಿನ ಮೆಟ್ಟಿಲು ಹತ್ತಿದರು. ಹತ್ತಿದ ಮೇಲೆ ಒಂದು ವಿಷಯ ಗೊತ್ತಾಯಿತು. ಈ ಸೀಮೆಯ ವ್ಯಾಪಾರದ ಜಗಳವೆಂದರೆ ಮುಕ್ಕಾಲು ಪಾಲು ಕೊಬ್ಬರಿಯದೇ. ಮಾಲು ಒಳ್ಳೆಯದೋ ಕೆಟ್ಟದ್ದೋ ಎಂಬುದೇ ತಕರಾರು. ಕೋರ್ಟಿನಲ್ಲಿ ವಾಯಿದೆಯ ಮೇಲೆ ವಾಯಿದೆ ಬಿದ್ದು ವಿಚಾರಣೆಗೆ ಬರುವಷ್ಟರಲ್ಲಿ ಒಳ್ಳೆಯ ಕೊಬ್ಬರಿಯೂ ಕೆಟ್ಟು, ಸಾಕ್ಷಿಯೇ ನಾರುತ್ತಿತ್ತು. ತೊಂಬತ್ತಾರರಲ್ಲಿ ಮಧ್ಯಸ್ಥಿಕೆಗೆ ಹೊಸ ಕಾಯ್ದೆ ಬಂದದ್ದೇ ತಡ, ವಕೀಲರು ಸೈಕಲ್ ಶಾಪಿನ ಮೇಲಿನ ಕೋಣೆಯಲ್ಲಿ ಬೆಂಚು ಹಾಕಿಸಿ ವರ್ತಕರ ವ್ಯಾಜ್ಯಗಳನ್ನು ಅಲ್ಲೇ ತೀರ್ಮಾನಿಸತೊಡಗಿದರು. ಅವರದು ಒಂದೇ ನಿಯಮ: ಯಾವ ಮಾಲಿನ ಮೇಲೆ ತಕರಾರೋ ಅದನ್ನು ಎರಡೂ ಕಡೆಯವರು ತಿನ್ನಬೇಕು. ಮೊದಲ ತುತ್ತು ಮಧ್ಯಸ್ಥರದು.

ಈ ನಿಯಮ ಅವರಿಗೆ ಹೆಸರು ತಂದಿತು, ನಾಲಿಗೆಯನ್ನು ಕೆಡಿಸಿತು. ಬೂಷ್ಟು ಹಿಡಿದದ್ದು, ಕಮಟಿದ್ದು, ಇಲಿ ಮೂಸಿ ಬಿಟ್ಟದ್ದು, ಇಲಿಯೂ ಮೂಸದೆ ಬಿಟ್ಟದ್ದು, ಎಲ್ಲವನ್ನೂ ಅಗಿದು ಕೊನೆಕೊನೆಗೆ ಮನೆಯಲ್ಲಿ ಕಾಯಿ ಒಡೆದ ಸದ್ದಿಗೇ ಹೊಟ್ಟೆ ತೊಳೆಸುತ್ತಿತ್ತು. ದವಡೆಯಲ್ಲಿ ಸದಾ ಒಂದು ಲವಂಗ. ತೆಂಗಿನ ಸೀಮೆಯಲ್ಲಿ ಕಾಯಿ ಹಾಕದ ಸಾರು ಕುದಿಯುತ್ತಿದ್ದ ಮನೆ ಅದೊಂದೇ ಇರಬೇಕು.

"ಹಾಲ್ಕುರಿಕೆ ಊರಿನ ಕಕ್ಷಿಗಾರ್ರು ಪ್ರೀತಿಯಿಂದ ಮೂಟೆ ಕಾಯಿ ಇಳಿಸಿ ಹೋಗ್ತಾರೆ," ಎಂದು ಹೆಂಡತಿ ಅಫ್ಸರ್ ಬಾನು ರೇಗುತ್ತಿದ್ದರು. "ನಾನೇನು ಚೆಂಡಾಟ ಆಡ್ಲಾ?"

ವಕೀಲರಿಗೆ ಎಲ್ಲಕ್ಕಿಂತ ಹೇಸಿಗೆ ತರಿಸಿದ್ದು ಬೀರೇಶನ ವ್ಯಾಜ್ಯ. ಬೀರೇಶ ಚಿಕ್ಕನಾಯಕನಹಳ್ಳಿಯ ಮಿಠಾಯಿ ಅಂಗಡಿಯವನು. ತಿಪಟೂರಿನ ಬಸವರಾಜು ಮಂಡಿಯಿಂದ ಕೊಬ್ಬರಿ ಕೊಂಡು, ತುರುವೇಕೆರೆಯ ಒಂದು ಮದುವೆಗೆ ಮಿಠಾಯಿ ಮಾಡಿಕೊಟ್ಟ. ಪಂಕ್ತಿಯಲ್ಲಿ ಕೂತವರು ಬಾಯಿಗಿಟ್ಟು ಎಲೆಯ ಮೇಲೇ ಉಗಿದರು. ಅಂದಿನಿಂದ ಅವನ ಅಂಗಡಿಗೆ ಬಂದವರು ಮೂಸಿ ನೋಡಿ ಹೊರಟುಬಿಡುತ್ತಿದ್ದರು.

"ದುಡ್ಡು ಹಾಳಾಗ್ಲಿ ಬುಡಿ ಸಾರ್," ಎಂದ ಬೀರೇಶ. "ಕೊಬ್ರಿ ಕೆಟ್ಟಿತ್ತು, ನನ್ನ ಕೈಯಲ್ಲ ಅಂತ ಆ ಮದುವೆ ಮನೆಯೋರ ಮುಂದೆ ಮಂಡಿಯೋರು ಒಂದು ಮಾತು ಹೇಳ್ಲಿ. ಇಲ್ದಿದ್ರೆ ನಾನು ಅಂಗಡಿ ಮುಚ್ಚಬೇಕು."

ಬಸವರಾಜು ಹೇಳುವ ಆಳಲ್ಲ. ವರ್ತಕರ ಸಂಘದ ಅಧ್ಯಕ್ಷರು. ಇನ್ನೂ ಯಾವ್ಯಾವುದರದೋ ಗೌರವಾಧ್ಯಕ್ಷರು. ಬೆಂಚಿನ ಮೇಲೂ ವೇದಿಕೆಯ ಮೇಲೆ ಕೂತಂತೆಯೇ ಕೂರುತ್ತಿದ್ದರು.

"ನನ್ನ ಮಂಡೀಲಿ ಕೆಟ್ಟ ಮಾಲು ಅನ್ನೋದೇ ಇಲ್ಲ ಕಣ್ರೀ ವಕೀಲ್ರೆ. ಇವತ್ತಿಗೂ ಅದು ಫಸ್ಟ್ ಕ್ಲಾಸು. ಇವನಿಗೆ ಪಾಕ ತೆಗೆಯಕ್ಕೆ ಬರಲ್ಲ, ಅಷ್ಟೆ."

ಪಾಕದ ಮಾತು ಬಂದದ್ದರಿಂದ ಮೂರನೆಯವರ ಕೈ ಬೇಕಾಯಿತು. ಕೆಳಗೆ ಸೈಕಲ್ ಶಾಪಿನ ಪಕ್ಕದ ಹೋಟೆಲಿನ ಗಂಗಯ್ಯನಿಗೆ ಇಬ್ಬರೂ ಒಪ್ಪಿದರು. ಬೀರೇಶನ ಬಳಿ ಉಳಿದಿದ್ದ, ಮಂಡಿಯ ಗುರುತಿದ್ದ, ಹೊಲಿಗೆ ಬಿಚ್ಚದ ಚೀಲವನ್ನು ಎಲ್ಲರೆದುರು ಬಿಚ್ಚಿ ಬುಡದವರೆಗೂ ಸುರಿದು ಕೊಬ್ಬರಿ ಕೊಟ್ಟರು. ಗಂಗಯ್ಯ ಮಿಠಾಯಿಯ ತಟ್ಟೆಯನ್ನು ಮೈಯಿಂದ ದೂರ ಹಿಡಿದು ಮೆಟ್ಟಿಲು ಹತ್ತಿ ಬಂದ.

"ಬಾಣಲೆ ಎಸೀಬೇಕು ಸಾಹೇಬ್ರೆ. ಇನ್ನು ಉಜ್ಜಿ ಉಪಯೋಗ ಇಲ್ಲ."

ದಸ್ತಗೀರ್ ಲವಂಗವನ್ನು ತೆಗೆದಿಟ್ಟು ಮೊದಲ ತುಂಡು ಬಾಯಿಗಿಟ್ಟರು. ಸತ್ತವರ ಟ್ರಂಕಿನಲ್ಲಿ ಉಳಿದ ತಲೆಗೆಣ್ಣೆಗೆ ಸಕ್ಕರೆ ಬೆರೆಸಿದಂತಿತ್ತು. ನುಂಗಿದರು. ಅದು ಅರ್ಧ ದಾರಿಯಲ್ಲಿ ನಿಂತು ಯೋಚಿಸಿ ಒಲ್ಲದ ಮನಸ್ಸಿನಿಂದ ಇಳಿಯಿತು. ಬೀರೇಶ ಒಂದು ಚೂರು ತಿಂದು ಕಿಟಕಿಗೆ ಓಡಿದ. ಕೆಳಗೆ ಸೈಕಲ್ ಶಾಪಿನವನು ಬೈದದ್ದು ಕೇಳಿಸಿತು.

ಬಸವರಾಜು ಮಾತ್ರ ದೊಡ್ಡ ತುಂಡನ್ನೇ ಆರಿಸಿಕೊಂಡರು. ಅಗಿದರು. ಹಣೆಯ ಮೇಲೆ ಬೆವರು ಮೂಡಿತು, ಮೀಸೆ ಅದುರಿತು.

"ಚೆನ್ನಾಗೈತೆ."

"ಇನ್ನೊಂದು ತಗೊಳ್ಳಿ ಅಧ್ಯಕ್ಷರೆ," ಎಂದರು ವಕೀಲರು.

ಅಧ್ಯಕ್ಷರ ಜೊತೆ ಬಂದಿದ್ದ ಮಂಡಿಯ ಗುಮಾಸ್ತ ನೋಡುತ್ತಿದ್ದ. ಅವರು ಇನ್ನೊಂದನ್ನೂ ತಿಂದರು. ಕಣ್ಣಲ್ಲಿ ನೀರು.

"ಏಲಕ್ಕಿ ಒಸಿ ಜಾಸ್ತಿ ಆಗೈತೆ ಕಣಪ್ಪ ಗಂಗಯ್ಯ."

"ಏಲಕ್ಕಿ ಹಾಕೇ ಇಲ್ವಲ್ಲ ಯಜಮಾನ್ರೆ!"

ದಸ್ತಗೀರರಿಗೆ ನಗು ಬರಲಿಲ್ಲ. ಎದುರಿಗಿದ್ದ ಮನುಷ್ಯ ಈ ಕೊಳೆಯನ್ನು ನುಂಗಬಲ್ಲ, ತಾನಾಡಿದ ಒಂದು ಮಾತನ್ನು ವಾಪಸು ನುಂಗಲಾರ. ಇನ್ನೂ ಒಂದು ತಟ್ಟೆ ಇಟ್ಟರೂ ತಿಂದು ಮೀಸೆ ಒರೆಸಿಕೊಂಡಾನು. ಬೀರೇಶ ಹೋಗಿ ಅಂಗಡಿಗೆ ಬೀಗ ಹಾಕಬೇಕಾದೀತು. ವಾಕರಿಕೆ ಮಿಠಾಯಿಯದೋ ಮನುಷ್ಯನದೋ ಅವರಿಗೇ ತಿಳಿಯದಾಯಿತು.

"ಒಳ್ಳೇದಾಯ್ತು," ಎಂದರು. "ಮಾಲು ಫಸ್ಟ್ ಕ್ಲಾಸ್ ಅಂತ ನೀವೇ ತಿಂದು ಹೇಳಿದ್ರಿ. ಬರೋ ವಾರ ನಿಮ್ಮ ಸಂಘದ ವಾರ್ಷಿಕೋತ್ಸವ ಅಲ್ವಾ? ಉಳಿದ ಚೀಲದ್ದೆಲ್ಲ ಗಂಗಯ್ಯನೇ ಮಿಠಾಯಿ ಮಾಡ್ಲಿ. ಎಲ್ಲಾ ವರ್ತಕರಿಗೂ ಹಂಚೋಣ. ಪೊಟ್ಟಣದ ಮೇಲೆ ನಿಮ್ಮ ಫೋಟೋ, ಕೆಳಗೆ 'ಇದು ಬಸವರಾಜು ಮಂಡಿ ಕೊಬ್ಬರಿ' ಅಂತ. ಅವರೂ ಚೆನ್ನಾಗೈತೆ ಅಂದ್ರೆ ಬೀರೇಶನದೇ ತಪ್ಪು ಅಂತ ನಾನು ಬರೆದುಬಿಡ್ತೀನಿ."

ಅಧ್ಯಕ್ಷರು ತಟ್ಟೆ ನೋಡಿದರು, ಗುಮಾಸ್ತನನ್ನು ನೋಡಿದರು. ವೇದಿಕೆಯ ಮುಂದೆ ಸಾಲಾಗಿ ಕೂತು ಉಗಿಯುತ್ತಿರುವ ವರ್ತಕರು ಅವರ ಕಣ್ಣ ಮುಂದೆ ಬಂದಿರಬೇಕು.

"ಫೋಟೋ ಬ್ಯಾಡ ಬುಡಿ," ಎಂದರು ಸಣ್ಣ ದನಿಯಲ್ಲಿ.

"ಯಾಕೆ?"

"ಕೊಬ್ರಿ... ಕಮಟೈತೆ."

"ಯಾವತ್ತಿಂದ?"

"ಮಂಡೀಲಿದ್ದಾಗಿಂದ್ಲೂವೆ. ಹಳೇ ಮಾಲು. ಮೇಲೊಂದು ಪದರ ಹೊಸಾದು ಹಾಕಿ ಹೊಲಿಸಿದ್ದೆ. ಬುಡಿ ಅತ್ಲಾಗೆ."

ವಕೀಲರು ತೀರ್ಪನ್ನು ಅಲ್ಲೇ ಬರೆದರು: ಚೀಲಗಳು ವಾಪಸು, ಮತ್ತು ಬಸವರಾಜು ಖುದ್ದಾಗಿ ಬೀರೇಶನ ಜೊತೆ ತುರುವೇಕೆರೆಗೆ ಹೋಗಿ ಮದುವೆ ಮನೆಯವರ ಮುಂದೆ ಈಗ ಹೇಳಿದ್ದನ್ನೇ ಹೇಳಬೇಕು. ಬೀರೇಶ ಕಣ್ಣೊರೆಸಿಕೊಂಡು ಬಸ್ಸಿನ ಹೊತ್ತು ವಿಚಾರಿಸಿದ. ಅಧ್ಯಕ್ಷರು ಒಂದು ಚೊಂಬು ನೀರು ಪೂರ್ತಿ ಮುಕ್ಕಳಿಸಿ ಉಗಿದರು. ಬಾಯಿ ಒರೆಸಿಕೊಳ್ಳುತ್ತಿದ್ದಂತೆ ವೇದಿಕೆಯ ದನಿ ಮರಳಿ ಬಂತು. ಹೆಗಲ ಮೇಲಿನ ಟವೆಲ್ ಕೊಡವಿ, ಏನೂ ನಡೆದೇ ಇಲ್ಲವೆಂಬಂತೆ ಕೇಳಿದರು:

"ಅದಿರ್ಲಿ ವಕೀಲ್ರೆ, ಇಷ್ಟು ವರ್ಷದಿಂದ ನಮ್ಮ ಕೊಬ್ರಿ ನ್ಯಾಯ ಮಾಡ್ತಿದೀರ. ಈ ನಮ್ಮ ತೆಂಗಿನಕಾಯೀಲಿ ನಿಮಗೆ ಭಾಳ ಇಷ್ಟವಾದ್ದು ಯಾವ್ದು?"

ದಸ್ತಗೀರ್ ಲವಂಗವನ್ನು ದವಡೆಗೆ ಸೇರಿಸಿದರು.

"ಚಿಪ್ಪು ಕಣ್ರೀ. ಅದನ್ನ ಯಾರೂ ತಿನ್ನಿ ಅನ್ನಲ್ಲ."